ಫ್ಲೂ ಲಸಿಕೆ: ರೋಗಿ ‘ಮುಂದಿನ ಸಲ ನೋಡೋಣ’ ಅನ್ನುವ ಮೊದಲು ಏನು ಹೇಳಬೇಕು, ಏನು ಮಾಡಬೇಕು

ನಮ್ಮ ಕ್ಲಿನಿಕ್‌ಗಳಲ್ಲಿ ಇಂಜೆಕ್ಷನ್‌ಗೆ ಹೆದರುವವರಿಗಿಂತ ಅದನ್ನು ಕೇಳಿ ಹಾಕಿಸಿಕೊಳ್ಳುವವರೇ ಹೆಚ್ಚು. ಜ್ವರ ಬಂದವರು ‘ಮಾತ್ರೆ ಬೇಡ ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕ್ಬಿಡಿ’ ಎಂದು ಅಂಗಿಯ ತೋಳು ಮಡಚಿಕೊಂಡೇ ಕೂರುತ್ತಾರೆ. ಅದೇ ಮನುಷ್ಯ ಮೈ ನೆಟ್ಟಗಿರುವಾಗ ಫ್ಲೂ ಲಸಿಕೆಯ ಮಾತೆತ್ತಿದರೆ ‘ಈಗೇನೂ ಆಗಿಲ್ವಲ್ಲ ಸಾರ್’ ಅನ್ನುತ್ತಾನೆ. ಇಂಜೆಕ್ಷನ್ ಅಂದರೆ ಕಾಯಿಲೆ ಇಳಿಸುವುದು, ಕಾಯಿಲೆ ಇಲ್ಲದವನಿಗೆ ಅದೇಕೆ ಎಂಬುದು ಅವನ ಲೆಕ್ಕ. ಹಾಗಂತ ಅವನು ಲಸಿಕೆಯ ವಿರೋಧಿಯಲ್ಲ. ಮಕ್ಕಳಿಗೆ ತಾಯಿ ಕಾರ್ಡ್ ನೋಡಿಕೊಂಡು ಒಂದೂ ತಪ್ಪದೆ ಹಾಕಿಸಿರುತ್ತಾನೆ.

ಆದ್ದರಿಂದ ‘ಒಪ್ಪಿಸುವುದು’ ಅಂದ ತಕ್ಷಣ ವಾದಕ್ಕೆ ಸಿದ್ಧರಾಗಬೇಡಿ. ತಪ್ಪಿಹೋಗುವ ಡೋಸ್‌ಗಳಲ್ಲಿ ಹೆಚ್ಚಿನವು ಖಡಾಖಂಡಿತ ನಿರಾಕರಣೆಯಿಂದ ತಪ್ಪುವುದಿಲ್ಲ. ಡಾಕ್ಟರ್ ಹೇಳಿಯೇ ಇರುವುದಿಲ್ಲ, ಹೇಳಿದ ದಿನ ಫ್ರಿಜ್ಜಿನಲ್ಲಿ ಲಸಿಕೆ ಇರುವುದಿಲ್ಲ, ಅಥವಾ ‘ಬೇಕಾದ್ರೆ ಹಾಕಿಸ್ಕೊಳ್ಳಿ’ ಎಂಬ ಅರೆಮನಸ್ಸಿನ ಮಾತು ರೋಗಿಯ ಕಿವಿಗೆ ‘ಬೇಕಿಲ್ಲ’ ಎಂದೇ ಬಿದ್ದಿರುತ್ತದೆ. ಕೆಳಗಿನದೆಲ್ಲ ಈ ಮೂರನ್ನು ಸರಿಪಡಿಸುವ ಕೆಲಸ. ಖಾಸಗಿ ಕ್ಲಿನಿಕ್, ನರ್ಸಿಂಗ್ ಹೋಂಗಳ ಡಾಕ್ಟರು, ಸಿಸ್ಟರು, ರಿಸೆಪ್ಷನ್‌ನವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಫ್ಲೂ ಲಸಿಕೆ ರಾಷ್ಟ್ರೀಯ ಲಸಿಕಾ ಪಟ್ಟಿಯಲ್ಲಿಲ್ಲ, ಹಾಗಾಗಿ ಹೊರೆಯೆಲ್ಲ ಬೀಳುವುದು ಇವರ ಮೇಲೆಯೇ.

ಮೊದಲು ನಿಮಗೇ ಖಚಿತವಿರಲಿ

ರೋಗಿ ನಿಮ್ಮ ಮುಖ ನೋಡುತ್ತಾನೆ. ನಿಮಗೇ ಅನುಮಾನವಿದ್ದರೆ ಅದು ಗೊತ್ತಾಗಿಬಿಡುತ್ತದೆ. ಇಷ್ಟು ಸಂಗತಿ ನಾಲಿಗೆ ತುದಿಯಲ್ಲಿರಬೇಕು:

- ಸೂಜಿಯಲ್ಲಿ ಕೊಡುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ಅದರಿಂದ ಫ್ಲೂ ಬರುವುದು ಸಾಧ್ಯವೇ ಇಲ್ಲ.
- ಆ ವರ್ಷ ಹರಡುತ್ತಿರುವ ವೈರಸ್‌ಗೂ ಲಸಿಕೆಗೂ ಚೆನ್ನಾಗಿ ಹೊಂದಿಕೆಯಾದರೆ ಡಾಕ್ಟರ ಬಳಿ ಓಡುವಂಥ ಫ್ಲೂ ಬರುವ ಸಾಧ್ಯತೆಯನ್ನು ಶೇ 40ರಿಂದ 60ರಷ್ಟು ತಗ್ಗಿಸುತ್ತದೆ. ನೂರಕ್ಕೆ ನೂರಲ್ಲ. ಹಾಕಿಸಿಕೊಂಡ ಮೇಲೂ ಫ್ಲೂ ಬಂದವರಲ್ಲಿ ಅದು ಆಸ್ಪತ್ರೆ, ಐಸಿಯು ಮಟ್ಟಕ್ಕೆ ಹೋಗುವುದು ಕಡಿಮೆ.
- ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು.
- ಪ್ರತಿ ವರ್ಷ ಹಾಕಿಸಬೇಕು. ವೈರಸ್ ಗೋಸುಂಬೆಯಂತೆ ಬಣ್ಣ ಬದಲಿಸುತ್ತದೆ, ಜೊತೆಗೆ ಲಸಿಕೆಯ ಬಲವೂ ತಿಂಗಳುಗಳು ಉರುಳಿದಂತೆ ಇಳಿಯುತ್ತದೆ.
- ಗಂಭೀರ ಅಲರ್ಜಿ ಹತ್ತು ಲಕ್ಷ ಡೋಸ್‌ಗೆ ಒಂದರ ಆಸುಪಾಸು. ಗಿಯಾನ್-ಬಾರೆ ಎಂಬ ನರಗಳ ತೊಂದರೆ ಹೆಚ್ಚೆಂದರೆ ಹತ್ತು ಲಕ್ಷಕ್ಕೆ ಒಂದೆರಡು. ಫ್ಲೂ ಬಂದವರಲ್ಲೂ ಈ ನರದ ತೊಂದರೆ ಕಾಣಿಸಿಕೊಳ್ಳುತ್ತದೆ.

ಎರಡನೆಯ ಅಂಶದಲ್ಲೇ ಹಲವರು ಎಡವುವುದು. ‘ಇದು ಹಾಕಿಸ್ಕೊಂಡ್ರೆ ಈ ವರ್ಷ ನೆಗಡಿ-ಜ್ವರ ನಿಮ್ಮ ಹತ್ರ ಸುಳಿಯಲ್ಲ’ ಎಂದು ಉತ್ಸಾಹದಲ್ಲಿ ಹೇಳಿಬಿಡುತ್ತೇವೆ. ನೆಗಡಿ ತರುವ ವೈರಸ್‌ಗಳು ಹತ್ತಾರಿವೆ, ಈ ಲಸಿಕೆಗೂ ಅವಕ್ಕೂ ಸಂಬಂಧವಿಲ್ಲ. ಆಗಸ್ಟ್‌ನಲ್ಲಿ ಮೂಗು ಸೋರಿದ ದಿನ ಆ ರೋಗಿ ಮುಂದಿನ ವರ್ಷಕ್ಕೂ ಕೈ ತಪ್ಪಿದ. ಅವನೊಬ್ಬನೇ ಅಲ್ಲ, ಅವನ ಮಾತು ಕೇಳಿದ ಬೀದಿಯವರೂ.

ಡಾಕ್ಟರಿಗೆ ಖಚಿತವಿದ್ದರೆ ಸಾಲದು. ರಿಸೆಪ್ಷನ್‌ನಲ್ಲಿ ಕೂತವರು ‘ಅದೇನ್ ಅಷ್ಟು ಮುಖ್ಯ ಅಲ್ಲ ಬಿಡಿ’ ಅಂದರೆ ಒಳಗೆ ಹೇಳಿದ್ದೆಲ್ಲ ಬಾಗಿಲಲ್ಲೇ ಬಿದ್ದುಹೋಗುತ್ತದೆ. ಹಾಗಾಗಿ ವರ್ಷದ ಮೊದಲ ಪೆಟ್ಟಿಗೆ ಬಂದ ದಿನ ಡಾಕ್ಟರಿಂದ ಹಿಡಿದು ಕಸ ಗುಡಿಸುವ ಅಮ್ಮನವರೆಗೆ ಎಲ್ಲರಿಗೂ ಕ್ಲಿನಿಕ್ ಖರ್ಚಿನಲ್ಲೇ ಹಾಕಿಸಿ. ‘ನೀವು ಹಾಕಿಸ್ಕೊಂಡಿದೀರಾ?’ ಎಂದು ರೋಗಿ ಕೇಳೇ ಕೇಳುತ್ತಾನೆ. ‘ಹೂಂ, ನಾವೆಲ್ಲ ಆಗಲೇ ಹಾಕಿಸ್ಕೊಂಡಾಯ್ತು’ ಎಂಬ ಉತ್ತರಕ್ಕಿರುವ ತೂಕ ಗೋಡೆಯ ಪೋಸ್ಟರ್‌ಗಿಲ್ಲ.

ಕ್ಯಾಲೆಂಡರ್, ಸ್ಟಾಕ್

ನಮ್ಮಲ್ಲಿ ಫ್ಲೂ ಎರಡು ಸಲ ಏರುತ್ತದೆ. ಒಂದು ಮುಂಗಾರಿನಲ್ಲಿ ಮತ್ತು ಅದರ ಬೆನ್ನಿಗೆ, ಇನ್ನೊಂದು ಜನವರಿಯಿಂದ ಮಾರ್ಚ್‌ವರೆಗೆ. ಕರ್ನಾಟಕದಲ್ಲಿ ಭಾರ ಹೆಚ್ಚು ಮಳೆಗಾಲಕ್ಕೆ. ಹಾಗಾಗಿ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಹಾಕಿದ ಡೋಸ್‌ಗೆ ಬೆಲೆ ಜಾಸ್ತಿ. ‘ಚಳಿಗಾಲದ ಲಸಿಕೆ’ ಎಂಬ ಮಾತು ಅಮೆರಿಕ-ಯುರೋಪಿನಿಂದ ಬಂದದ್ದು. ಅದನ್ನು ನಂಬಿ ಅಕ್ಟೋಬರ್‌ವರೆಗೆ ಕಾದರೆ ನಮ್ಮ ದೊಡ್ಡ ಅಲೆ ದಾಟಿಹೋಗಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯ ತಳಿಗಳನ್ನು ವರ್ಷಕ್ಕೆರಡು ಬಾರಿ ಘೋಷಿಸುತ್ತದೆ: ಫೆಬ್ರವರಿಯಲ್ಲಿ ಉತ್ತರಾರ್ಧ ಗೋಳಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಾರ್ಧ ಗೋಳಕ್ಕೆ. ಮಳೆಗಾಲಕ್ಕೆ ಮುಂಚೆ ಹಾಕುವಾಗ ಆ ವರ್ಷದ ದಕ್ಷಿಣಾರ್ಧ ಗೋಳದ ಲಸಿಕೆ ಕೇಳಿ ತರಿಸಿ. ಯಾವ ಗೋಳ, ಯಾವ ವರ್ಷ ಎಂಬುದು ಪೆಟ್ಟಿಗೆಯ ಮೇಲೇ ಅಚ್ಚಾಗಿರುತ್ತದೆ. ಡಿಸ್ಟ್ರಿಬ್ಯೂಟರ್ ಏಪ್ರಿಲ್-ಮೇನಲ್ಲಿ ಹಿಂದಿನ ಅಕ್ಟೋಬರ್‌ನ ಮಾಲನ್ನು ರಿಯಾಯಿತಿಗೆ ಕೊಡಲು ಬಂದರೆ ಎಕ್ಸ್‌ಪೈರಿ ನೋಡಿ. ಅದು ಸಾಮಾನ್ಯವಾಗಿ ಮುಗಿಯುವ ಹಂತದಲ್ಲಿರುತ್ತದೆ. ಮೂರು ತಳಿಯದೋ ನಾಲ್ಕು ತಳಿಯದೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ನಾಲ್ಕನೆಯದಾದ ಬಿ-ಯಮಗಾಟಾ ತಳಿ 2020ರ ಮಾರ್ಚ್‌ನಿಂದೀಚೆಗೆ ಜಗತ್ತಿನಲ್ಲೆಲ್ಲೂ ಖಚಿತವಾಗಿ ಕಂಡಿಲ್ಲ. ತಡವಾಗಿ ಬಂದ ರೋಗಿಯನ್ನು ‘ಸೀಸನ್ ಮುಗೀತು’ ಎಂದು ವಾಪಸ್ ಕಳಿಸಬೇಡಿ, ಆ ಹೊತ್ತಿಗೆ ಸಿಗುವ ಹೊಸ ಲಸಿಕೆ ಹಾಕಿ. ಗರ್ಭಿಣಿಗೆ ಸೀಸನ್ ಕಾಯುವ ಪ್ರಶ್ನೆಯೇ ಇಲ್ಲ.

ಫ್ರಿಜ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಥರ್ಮಾಮೀಟರ್ ನೋಡಿ ಬರೆಯಿರಿ. ಬಾಗಿಲ ಅರೆಯಲ್ಲಿ ಇಡಬೇಡಿ, ಫ್ರೀಜರ್ ಗೋಡೆಗೂ ತಾಗಿಸಬೇಡಿ. ಈ ಲಸಿಕೆಗೆ ಸೆಕೆಗಿಂತ ದೊಡ್ಡ ಶತ್ರು ಮಂಜು. ಒಮ್ಮೆ ಗಡ್ಡೆ ಕಟ್ಟಿದ್ದನ್ನು ಕರಗಿಸಿ ಹಾಕುವಂತಿಲ್ಲ, ಬಿಸಾಡಲೇಬೇಕು. ಹಾಲಿನ ಪ್ಯಾಕೆಟ್, ಟಿಫಿನ್ ಡಬ್ಬಿ ಅದೇ ಫ್ರಿಜ್ಜಿನಲ್ಲಿಟ್ಟರೆ ಬಾಗಿಲು ದಿನಕ್ಕೆ ಐವತ್ತು ಸಲ ತೆರೆಯುತ್ತದೆ ಎಂಬುದೂ ನೆನಪಿರಲಿ.

ಯಾರಿಗೆ: ಪಟ್ಟಿ ಮೊದಲೇ ಸಿದ್ಧವಿರಲಿ

ಆರು ತಿಂಗಳು ತುಂಬಿದ ಯಾರಿಗೂ ಹಾಕಬಹುದು. ಆದರೆ ಎಲ್ಲರ ಹಿಂದೆಯೂ ಬೀಳಲು ನಿಮಗೆ ಹೊತ್ತಿಲ್ಲ. ಯಾರಿಗೆ ಫ್ಲೂ ಬಂದರೆ ಆಸ್ಪತ್ರೆ ಸೇರಬೇಕಾದೀತೋ ಅವರಿಂದ ಶುರುಮಾಡಿ: 60 ದಾಟಿದವರು, ಸಕ್ಕರೆ ಕಾಯಿಲೆಯವರು, ಹೃದಯ, ಕಿಡ್ನಿ, ಲಿವರ್ ತೊಂದರೆಯವರು, ಉಬ್ಬಸ ಮತ್ತು ಬೀಡಿ-ಸಿಗರೇಟಿನಿಂದ ಶ್ವಾಸಕೋಶ ಹಾಳಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಎಚ್‌ಐವಿ ಇರುವವರು, ಗರ್ಭಿಣಿಯರು, 6 ತಿಂಗಳಿಂದ 5 ವರ್ಷದ ಮಕ್ಕಳು. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಫ್ಲೂನಿಂದ ರಾಜ್ಯದ ಮೊದಲ ಸಾವು ವರದಿಯಾದದ್ದು ಹಾಸನ ಜಿಲ್ಲೆಯಿಂದ. ಆ ಹಿರಿಯರಿಗೆ ಎಂಬತ್ತು ದಾಟಿತ್ತು, ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದ್ದವು. ನಿಮ್ಮ ತಿಂಗಳ ಚೆಕಪ್‌ಗೆ ಬರುವವರಲ್ಲಿ ಅಂಥವರು ಎಷ್ಟು ಜನ ಇದ್ದಾರೆ, ಎಣಿಸಿ ನೋಡಿ.

ಪಟ್ಟಿ ಮಾಡಲು ಸಾಫ್ಟ್‌ವೇರ್ ಬೇಕಿಲ್ಲ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಸಿಸ್ಟರು ಫೈಲುಗಳನ್ನು ತೆಗೆದು ಈ ಗುಂಪಿನವರ ಫೈಲಿನ ಮೂಲೆಗೆ ಹಳದಿ ಸ್ಟಿಕ್ಕರ್ ಅಂಟಿಸಲಿ. ಮೇನಲ್ಲಿ ರೋಗಿ ಬಂದು ಬಿಪಿ ನೋಡುವಾಗಲೇ ಸಿಸ್ಟರು ‘ಇವತ್ತು ನಿಮ್ಮ ಫ್ಲೂ ಲಸಿಕೆ ಇದೆ, ಡಾಕ್ಟ್ರು ಹೇಳ್ತಾರೆ’ ಅನ್ನಲಿ. ಡಾಕ್ಟರ ಮುಂದೆ ಫೈಲ್ ಬಂದಾಗ ಸ್ಟಿಕ್ಕರ್ ಕಣ್ಣಿಗೆ ಹೊಡೆಯುತ್ತದೆ. ನೆನಪಿನ ಮೇಲೆ ಬಿಟ್ಟರೆ ಆಗದು. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬೆಳಿಗ್ಗೆ 8ಕ್ಕೆ ಬಂದ ಅರ್ಹ ರೋಗಿಗಳಲ್ಲಿ ಶೇ 44ರಷ್ಟು ಮಂದಿಗೆ ಫ್ಲೂ ಲಸಿಕೆ ಸಿಕ್ಕಿದ್ದರೆ, ಸಂಜೆ 4ರ ಹೊತ್ತಿಗೆ ಅದು ಶೇ 32ಕ್ಕೆ ಇಳಿದಿತ್ತು. ಡಾಕ್ಟರು ದಣಿದಂತೆ ಲಸಿಕೆಯ ಮಾತು ಮೊದಲು ಉದುರುತ್ತದೆ. ಸಂಜೆ ಓಪಿಡಿಯೇ ದೊಡ್ಡದಿರುವ ನಮ್ಮಲ್ಲಿ ಸ್ಟಿಕ್ಕರ್ ಇನ್ನೂ ಹೆಚ್ಚು ಬೇಕು.

ಮಕ್ಕಳ ವಿಷಯದಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಆಗುತ್ತದೆ. ಐದು ರೋಗಗಳಿಗೆ ಒಟ್ಟಿಗೆ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ‘ಹಿಮೋಫಿಲಸ್ ಇನ್‌ಫ್ಲುಯೆಂಜಾ’ ಎಂಬ ಹೆಸರಿದೆ. ಅದನ್ನು ನೋಡಿ ‘ಇನ್‌ಫ್ಲುಯೆಂಜಾ ಆಗಲೇ ಆಗಿದೆ’ ಎಂದು ಬಿಟ್ಟುಬಿಡುತ್ತಾರೆ, ಕೆಲವೊಮ್ಮೆ ಸಿಬ್ಬಂದಿಯೇ. ಅದೊಂದು ಬ್ಯಾಕ್ಟೀರಿಯಾ, ಫ್ಲೂ ವೈರಸ್‌ಗೂ ಅದಕ್ಕೂ ಹೆಸರಿನಲ್ಲಿ ಮಾತ್ರ ನಂಟು. ಹಾಗೆಯೇ ಹಿರಿಯರು ‘ನ್ಯುಮೋನಿಯಾ ಇಂಜೆಕ್ಷನ್ ಆಗಿದೆ’ ಅಂದರೆ ಅದು ಬೇರೆ, ಇದು ಬೇರೆ. ಎರಡನ್ನೂ ಒಂದೇ ದಿನ ಬೇರೆ ಬೇರೆ ತೋಳಿಗೆ ಹಾಕಬಹುದು.

ಕೇಳಬೇಡಿ, ಹೇಳಿ

ಇಡೀ ಕೆಲಸದ ಕೀಲಿ ಈ ಒಂದು ವಾಕ್ಯದಲ್ಲಿದೆ. ‘ಫ್ಲೂ ಲಸಿಕೆ ಹಾಕಿಸ್ಕೋತೀರಾ?’ ಎಂದು ಕೇಳಿದರೆ ‘ಈಗ ಬೇಡ ಬಿಡಿ’ ಎಂಬ ಉತ್ತರವನ್ನು ನೀವೇ ಕೈಗಿಟ್ಟಂತೆ. ಬಿಪಿ ಮಾತ್ರೆ ಬರೆಯುವಾಗ ‘ತಗೋತೀರಾ?’ ಎಂದು ಯಾರೂ ಕೇಳುವುದಿಲ್ಲವಲ್ಲ. ಅದೇ ದನಿಯಲ್ಲಿ ಹೇಳಿ:

‘ಅಮ್ಮ, ಶುಗರ್ ಇರೋರಿಗೆ ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆ ಆಗ್ಬೇಕು. ಇವತ್ತೇ ಹಾಕ್ಬಿಡ್ತೀವಿ.’

ಇದರಲ್ಲಿ ಮೂರು ತುಂಡಿವೆ: ನಿಮಗೆ ಏಕೆ, ಏನು, ಯಾವಾಗ. ‘ಎಲ್ಲರಿಗೂ ಒಳ್ಳೇದು’ ಅನ್ನುವ ಬದಲು ಅವರದೇ ಕಾಯಿಲೆಯ ಹೆಸರು ಹಿಡಿಯಿರಿ. ಹೇಳಿದ ಮೇಲೆ ಸುಮ್ಮನಿರಿ. ಅವರ ಮುಖದಲ್ಲಿ ಪ್ರಶ್ನೆ ಕಂಡರೆ ‘ಏನಾದ್ರೂ ಅನುಮಾನ ಇದೆಯಾ?’ ಅನ್ನಿ. ಇದು ಬಲವಂತವಲ್ಲ, ಬೇಡ ಅನ್ನುವ ಹಕ್ಕು ಅವರದೇ. ನಿಮ್ಮ ಅಭಿಪ್ರಾಯವನ್ನು ಅರ್ಧಕ್ಕೆ ನುಂಗಬೇಡಿ ಅಷ್ಟೆ.

ಯಾವ ಹೊತ್ತಿಗೆ ಹೇಳಬೇಕು ಎಂಬುದೂ ಮುಖ್ಯ. ಚೀಟಿ ಬರೆದು ಮುಗಿಸಿ, ರೋಗಿ ಚಪ್ಪಲಿ ಹುಡುಕುವಾಗ ‘ಹಾಂ, ಒಂದು ಲಸಿಕೆ ಇದೆ’ ಅಂದರೆ ಅದು ಬಾಲಂಗೋಚಿ. ರಿಪೋರ್ಟ್ ನೋಡಿ ಮಾತಾಡುವಾಗಲೇ, ಔಷಧಿ ಬದಲಾವಣೆಯ ಜೊತೆಯಲ್ಲೇ ಬರಲಿ.

ಅಡ್ಡಿ ಬಂದಾಗ ಮಾತು ಹೇಗೆ ಸಾಗಬೇಕು ಎಂಬುದಕ್ಕೆ ಒಂದು ಮಾದರಿ. ಮೇ ಕೊನೆಯ ವಾರ, ಶುಗರ್ ಚೆಕಪ್‌ಗೆ ಬಂದ ರೈತ:

— ಶುಗರ್ ಪರವಾಗಿಲ್ಲ ಯಜಮಾನ್ರೇ, ಹೋದ ಸಲಕ್ಕಿಂತ ಇಳಿದಿದೆ. ಮಳೆಗಾಲ ಬರ್ತಾ ಇದೆಯಲ್ಲ, ನಿಮಗೆ ಫ್ಲೂ ಲಸಿಕೆ ಇವತ್ತು ಹಾಕ್ತೀವಿ.

— ನಂಗೇನಾಗಿದೆ ಸಾರ್, ಗಟ್ಟಿಮುಟ್ಟಾಗೇ ಇದೀನಿ. ನಮ್ಮ ಬೀದೀಲೊಬ್ರು ಹಾಕಿಸ್ಕೊಂಡು ಎರಡು ದಿನ ಮಲಗಿಬಿಟ್ಟಿದ್ರಂತೆ.

— ಹೌದಾ. ಆಮೇಲೆ ಸರಿಹೋದ್ರಾ?

— ಸರಿಹೋದ್ರು ಅನ್ನಿ.

— ನಿಮಗೂ ಹಾಗೇ ಆದ್ರೆ ಅಂತ ಯೋಚನೆನಾ, ಇಲ್ಲ ಬೇರೆ ಏನಾದ್ರೂ ಇದೆಯಾ?

— ಬಿತ್ತನೆ ಟೈಮು ಸಾರ್. ನಾನು ಮಲಗಿದ್ರೆ ಹೊಲ ನೋಡೋರ್ಯಾರು?

— ಅದು ಸರಿಯಾದ ಮಾತು. ಕೆಲವರಿಗೆ ಒಂದೆರಡು ದಿನ ತೋಳು ನೋವು, ಮೈ ಸ್ವಲ್ಪ ಬೆಚ್ಚಗಾಗೋದು ಉಂಟು. ಒಂದು ಪ್ಯಾರಸಿಟಮಾಲ್ ಸಾಕು. ಫ್ಲೂನೇ ಬಂದ್ರೆ ಮಾತ್ರ ವಾರ ಏಳೋಕಾಗಲ್ಲ, ಶುಗರೂ ಹತೋಟಿ ತಪ್ಪತ್ತೆ. ಬಿತ್ತನೆ ಯಾವಾಗ?

— ಮಳೆ ಬಿದ್ರೆ ಬರೋ ವಾರ.

— ಹಾಗಿದ್ರೆ ಇವತ್ತೇ ಒಳ್ಳೇದು. ತೋಳು ನೋವಿದ್ರೂ ಬಿತ್ತನೆ ಹೊತ್ತಿಗೆ ಹೋಗಿರತ್ತೆ.

ಇಲ್ಲಿ ಡಾಕ್ಟರು ಬೀದಿಯವರ ಕಥೆಯನ್ನು ಸುಳ್ಳು ಅನ್ನಲಿಲ್ಲ. ಒಂದು ಪ್ರಶ್ನೆ ಹೆಚ್ಚು ಕೇಳಿದ್ದರಿಂದ ನಿಜವಾದ ಅಡ್ಡಿ ಹೊರಬಿತ್ತು. ಅದು ಲಸಿಕೆಯ ಭಯವಲ್ಲ, ಬಿತ್ತನೆ. ಮೊದಲ ಮಾತಿಗೇ ‘ಲಸಿಕೆಯಿಂದ ಹಾಗೆಲ್ಲ ಆಗಲ್ಲ’ ಎಂದು ಪಾಠ ಶುರುಮಾಡಿದ್ದರೆ ಬಿತ್ತನೆಯ ಮಾತು ಬರುತ್ತಲೇ ಇರಲಿಲ್ಲ. ಒಟ್ಟು ಹಿಡಿದ ಹೊತ್ತು ಒಂದೂವರೆ ನಿಮಿಷ.

ಸಾಮಾನ್ಯವಾಗಿ ಬರುವ ಮಾತುಗಳು

*‘ನೆಗಡಿಗೂ ಲಸಿಕೆನಾ?’* ಔಷಧಿ ತಗೊಂಡರೆ ಒಂದು ವಾರ, ತಗೊಳ್ಳದಿದ್ದರೆ ಏಳು ದಿನ ಎಂದು ನಗುವ ಕಾಯಿಲೆಗೆ ಎರಡು ಸಾವಿರ ರೂಪಾಯಿ ಯಾರು ಕೊಡುತ್ತಾರೆ? ಫ್ಲೂ ಅಂದರೆ ನೆಗಡಿ ಎಂದೇ ಅವರ ತಿಳಿವಳಿಕೆ. ‘ಎದ್ದು ಕೂರೋಕಾಗದ ಜ್ವರ, ಮೈಯೆಲ್ಲ ಜಜ್ಜಿದಂಗೆ ನೋವು ಬರತ್ತಲ್ಲ, ಅದು’ ಎಂದು ಬಿಡಿಸಿ ಹೇಳಿ. 2009ರಲ್ಲಿ ಹಂದಿಜ್ವರ ಎಂದು ಊರೆಲ್ಲ ನಡುಗಿಸಿದ ಎಚ್1ಎನ್1 ಈಗ ವರ್ಷ ವರ್ಷ ಬರುವ ಫ್ಲೂಗಳಲ್ಲೊಂದು, ಅದರ ತಳಿಯೂ ಈ ಲಸಿಕೆಯಲ್ಲಿದೆ. ‘ಎಚ್1ಎನ್1 ಇದರಲ್ಲೇ ಬರತ್ತೆ’ ಎಂಬ ಒಂದು ಮಾತು ಅರ್ಧ ಕೆಲಸ ಮಾಡುತ್ತದೆ.

*‘ಹಾಕಿಸ್ಕೊಂಡ ಮೇಲೇನೇ ಜ್ವರ ಬಂತು.’* ಮೂರು ಕಾರಣ ಇರಬಹುದು: ಲಸಿಕೆಯಿಂದಲೇ ಒಂದೆರಡು ದಿನದ ಮೈಬಿಸಿ, ಎರಡು ವಾರ ತುಂಬುವ ಮೊದಲೇ ತಗುಲಿದ ಫ್ಲೂ, ಇಲ್ಲವೇ ಬೇರೆ ವೈರಸ್. ಯಾವಾಗ ಬಂತು, ಎಷ್ಟು ದಿನವಿತ್ತು ಎಂದು ಕೇಳಿದರೆ ಯಾವುದೆಂದು ನಿಮಗೇ ತಿಳಿಯುತ್ತದೆ. ಆದರೆ ಇಲ್ಲೊಂದು ಎಚ್ಚರ ಬೇಕು. 2015ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ‘ಲಸಿಕೆಯಿಂದ ಫ್ಲೂ ಬರುವುದಿಲ್ಲ’ ಎಂದು ತಿದ್ದಿದಾಗ ಜನ ಆ ತಪ್ಪು ನಂಬಿಕೆಯನ್ನೇನೋ ಬಿಟ್ಟರು, ಆದರೆ ಅಡ್ಡಪರಿಣಾಮದ ಚಿಂತೆ ಹೆಚ್ಚಿದ್ದವರಲ್ಲಿ ಹಾಕಿಸಿಕೊಳ್ಳುವ ಮನಸ್ಸು ಇನ್ನೂ ಕುಗ್ಗಿತು. ವಾದದಲ್ಲಿ ಗೆದ್ದು ಡೋಸ್ ಕಳೆದುಕೊಳ್ಳುವುದು ಅಂದರೆ ಇದೇ. ಒಂದೇ ವಾಕ್ಯದಲ್ಲಿ ತಿದ್ದಿ, ಕೂಡಲೇ ಅವರ ಕಾಯಿಲೆಯ ವಿಷಯಕ್ಕೆ ಬನ್ನಿ.

*‘ವ್ಯಾಕ್ಸಿನ್ ಹಾಕಿಸ್ಕೊಂಡ್ರೆ ಹಾರ್ಟ್ ಅಟ್ಯಾಕ್ ಆಗತ್ತಂತೆ.’* ಈಗ ಕರ್ನಾಟಕದಲ್ಲಿ ಅತಿ ಹೆಚ್ಚು ಕೇಳಿಬರುವ ಮಾತುಗಳಲ್ಲೊಂದು. 2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ದಿನವೂ ಟಿವಿಯಲ್ಲಿ ಬಂದು, ಕೋವಿಡ್ ಲಸಿಕೆಯ ಕಡೆಗೆ ಬೆರಳು ಹೋಯಿತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ರಾಜ್ಯ ತಜ್ಞರ ಸಮಿತಿ ನೇರ ಸಂಬಂಧ ಕಾಣಲಿಲ್ಲ ಎಂದಿತು. ಆ ಚರ್ಚೆಯನ್ನು ಓಪಿಡಿಯಲ್ಲಿ ಮತ್ತೆ ನಡೆಸಬೇಕಿಲ್ಲ. ಇದು ಬೇರೆ ಲಸಿಕೆ, ದಶಕಗಳಿಂದ ಜಗತ್ತಿನಾದ್ಯಂತ ವರ್ಷ ವರ್ಷ ಕೊಡುತ್ತಿರುವುದು ಎಂದು ಹೇಳಿ, ವಿಷಯವನ್ನು ತಿರುಗಿಸಿ: ಹೃದಯಕ್ಕೆ ಅಪಾಯ ಫ್ಲೂನಿಂದ. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲ್ಯಾಬಿನಲ್ಲಿ ಫ್ಲೂ ಖಚಿತವಾದ ಏಳು ದಿನದೊಳಗೆ ಹೃದಯಾಘಾತದ ಸಾಧ್ಯತೆ ಸುಮಾರು ಆರು ಪಟ್ಟು ಏರಿತ್ತು. ಹೃದಯಾಘಾತವಾಗಿ ಆಸ್ಪತ್ರೆಯಲ್ಲಿದ್ದವರೇ ಬಹುಪಾಲಿದ್ದ 2,500ಕ್ಕೂ ಹೆಚ್ಚು ರೋಗಿಗಳ ಮೇಲೆ ಎಂಟು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಸ್ಪತ್ರೆ ಸೇರಿದ ಅಥವಾ ಹೃದಯದ ರಕ್ತನಾಳದ ಚಿಕಿತ್ಸೆಯಾದ 72 ಗಂಟೆಯೊಳಗೆ ಫ್ಲೂ ಲಸಿಕೆ ಪಡೆದವರಲ್ಲಿ ವರ್ಷದೊಳಗೆ ಸತ್ತವರು ಶೇ 2.9, ಪಡೆಯದವರಲ್ಲಿ ಶೇ 4.9. ಬಾಂಗ್ಲಾದೇಶವೂ ಆ ಎಂಟರಲ್ಲಿತ್ತು. ರೋಗಿಗೆ ಈ ಅಂಕಿ ಬೇಕಿಲ್ಲ, ‘ಇದು ಹಾರ್ಟ್ ಇರೋರಿಗೆ ಕಾವಲು’ ಅಂದರೆ ಸಾಕು. ಅಂಕಿ ನಿಮಗೆ. ಕಾರ್ಡಿಯಾಲಜಿ ವಾರ್ಡಿನ ಡಿಸ್ಚಾರ್ಜ್ ಪಟ್ಟಿಯಲ್ಲಿ ಆಸ್ಪಿರಿನ್, ಸ್ಟ್ಯಾಟಿನ್ ಜೊತೆ ಫ್ಲೂ ಲಸಿಕೆಯ ಸಾಲೂ ಇರಬೇಕು. ಬಹಳ ಕಡೆ ಇರುವುದಿಲ್ಲ.

*‘ಇದರಲ್ಲಿ ಮೊಟ್ಟೆ ಇದೆಯಂತೆ, ನಾವು ಮುಟ್ಟಲ್ಲ.’* ಮುಚ್ಚಿಡಬೇಡಿ. ಸಾಮಾನ್ಯವಾಗಿ ಸಿಗುವ ಫ್ಲೂ ಲಸಿಕೆಗಳ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ, ಶುದ್ಧ ಮಾಡಿದ ಮೇಲೆ ಅತ್ಯಲ್ಪ ಅಂಶ ಉಳಿಯಬಹುದು. ಹಾಗೆಯೇ ಹೇಳಿ, ತೀರ್ಮಾನ ಅವರಿಗೆ ಬಿಡಿ. ‘ಔಷಧಿಗೆ ದೋಷವಿಲ್ಲ’ ಎಂದು ಮನೆಯ ಹಿರಿಯರೇ ಅನ್ನುವುದುಂಟು, ಅನ್ನದಿರುವುದೂ ಉಂಟು. ಸುಳ್ಳು ಹೇಳಿ ಹಾಕಿ ಆಮೇಲೆ ಗೊತ್ತಾದರೆ ಇಡೀ ಕುಟುಂಬ ಕೈಬಿಡುತ್ತದೆ. ಮೊಟ್ಟೆ ಅಲರ್ಜಿಯದು ಬೇರೆ ವಿಚಾರ. ಅಮೆರಿಕದ ಈಚಿನ ಮಾರ್ಗಸೂಚಿ ಮೊಟ್ಟೆ ಅಲರ್ಜಿ ಇರುವವರಿಗೂ ಹಾಕಬಹುದು ಅನ್ನುತ್ತದೆ, ಆದರೂ ನಿಮ್ಮ ಕೈಲಿರುವ ಲಸಿಕೆಯ ಕಾಗದದಲ್ಲಿ ಏನಿದೆ ಎಂದು ಓದಿಯೇ ಮುಂದುವರಿಯಿರಿ.

*‘ಕಷಾಯ ಕುಡೀತೀವಲ್ಲ.’* ‘ಕುಡೀರಿ, ಜೊತೆಗೆ ಇದೂ ಇರಲಿ.’ ಇದಕ್ಕಿಂತ ಹೆಚ್ಚು ಮಾತು ಬೇಡ.

*‘ಮಗನ್ನ ಕೇಳ್ಬೇಕು’, ‘ನಮ್ಮತ್ತೆ ಬೇಡ ಅಂತಾರೆ.’* ಇದು ನೆಪವಲ್ಲ. ದುಡ್ಡು ಕೊಡುವವರು, ತೀರ್ಮಾನ ಮಾಡುವವರು ಬೇರೆಯೇ ಇರುತ್ತಾರೆ. ‘ಈಗಲೇ ಫೋನ್ ಹಚ್ಚಿ, ನಾನೇ ಮಾತಾಡ್ತೀನಿ’ ಅನ್ನಿ. ಮಗ ಅಮೆರಿಕದಲ್ಲೋ ಲಂಡನ್ನಿನಲ್ಲೋ ಇದ್ದರೆ ಕೆಲಸ ಇನ್ನೂ ಹಗುರ. ಅಲ್ಲಿ ಔಷಧಿ ಅಂಗಡಿಯಲ್ಲೇ ಪ್ರತಿ ವರ್ಷ ಹಾಕಿಸಿಕೊಂಡಿರುವ ಮಕ್ಕಳೇ ‘ಅಪ್ಪಾ, ಸುಮ್ನೆ ಹಾಕಿಸ್ಕೋ’ ಅನ್ನುತ್ತಾರೆ. ಗರ್ಭಿಣಿಯ ಅತ್ತೆ ಹೊರಗೆ ಬೆಂಚಿನಲ್ಲಿ ಕೂತಿದ್ದರೆ ಒಳಗೆ ಕರೆಯಿರಿ. ಅವರಿಗೆ ಮುಟ್ಟುವ ಮಾತು ಸೊಸೆಯದಲ್ಲ, ಮೊಮ್ಮಗುವಿನದು: ‘ಹುಟ್ಟಿದ ಮಗುವಿಗೆ ಆರು ತಿಂಗಳವರೆಗೂ ಈ ಲಸಿಕೆ ಹಾಕೋ ಹಾಗಿಲ್ಲಮ್ಮ. ಈಗ ತಾಯಿಗೆ ಹಾಕಿದ್ರೆ ಅದೇ ರಕ್ಷಣೆ ಮಗುವಿಗೂ ಹೋಗತ್ತೆ.’ ಸೂಜಿಯ ಲಸಿಕೆಯನ್ನು ಗರ್ಭಾವಸ್ಥೆಯ ಯಾವ ಹಂತದಲ್ಲಾದರೂ ಕೊಡಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂಗಿಗೆ ಸಿಂಪಡಿಸುವ ಜೀವಂತ ಲಸಿಕೆಯನ್ನು ಮಾತ್ರ ಗರ್ಭಿಣಿಗೆ ಕೊಡುವಂತಿಲ್ಲ.

ದುಡ್ಡಿನ ಮಾತು

ಒಂದೂವರೆ ಸಾವಿರದ ಆಚೀಚೆಯಿಂದ ಎರಡು ಸಾವಿರದ ಮೇಲಿನವರೆಗೆ ಬೆಲೆಯಿರುವ ಲಸಿಕೆಯನ್ನು ಡಾಕ್ಟರೇ ಹೇಳಿ ಡಾಕ್ಟರೇ ಹಾಕುವಾಗ ‘ಇದರಲ್ಲಿ ಇವರಿಗೆಷ್ಟು?’ ಎಂಬ ಅನುಮಾನ ಸಹಜ. ಬೆಲೆಯನ್ನು ಮೊದಲೇ ಹೇಳಿ, ಪೆಟ್ಟಿಗೆಯ ಮೇಲಿನ ಎಂಆರ್‌ಪಿ ತೋರಿಸಿ, ಬಿಲ್ ಕೊಡಿ. ನಿಮಗೆ ಸಿಗುವ ರಿಯಾಯಿತಿಯಲ್ಲಿ ಒಂದು ಪಾಲು ರೋಗಿಗೆ ಬಿಟ್ಟರೆ ಮಾತಿಗೆ ತೂಕ ಬರುತ್ತದೆ. ಮನೆಯಲ್ಲಿ ಒಬ್ಬರಿಗೇ ಆಗುವಷ್ಟು ದುಡ್ಡಿದ್ದರೆ ಯಾರಿಗೆ ಎಂದು ನೀವೇ ಹೇಳಿ: ದಮ್ಮಿರುವ ಅಜ್ಜನಿಗೆ, ಕಾಲೇಜಿಗೆ ಹೋಗುವ ಮೊಮ್ಮಗನಿಗಲ್ಲ. ಶುಗರ್ ಕಾಯಿಲೆಯವರಿಗೆ ಮೇ ತಿಂಗಳ ಖರ್ಚನ್ನು ಮಾರ್ಚ್ ಚೆಕಪ್‌ನಲ್ಲೇ ತಿಳಿಸಿದರೆ ಹೊಂದಿಸಿಕೊಂಡು ಬರುತ್ತಾರೆ. ದುಡ್ಡಿಲ್ಲ ಎಂದು ನೇರವಾಗಿ ಹೇಳಲು ನಾಚಿಕೊಂಡು ‘ಮುಂದಿನ ಸಲ’ ಅನ್ನುವವರು ಬಹಳ. ಅವರ ಮುಂದೆ ಲಸಿಕೆಯ ಮಹಿಮೆ ಕೊಂಡಾಡುವುದು ಕ್ರೌರ್ಯ.

ಒಪ್ಪಿದ ಮೇಲೆ: ಕುರ್ಚಿಯಿಂದ ತೋಳಿಗೆ

‘ಹೂಂ’ ಅಂದವರನ್ನು ಕೆಳಗಿನ ಫಾರ್ಮಸಿಗೆ ಚೀಟಿ ಕೊಟ್ಟು ಕಳಿಸಿದರೆ ಕೆಲವರು ಹಾಗೇ ಬಸ್ ಹತ್ತುತ್ತಾರೆ. ಲಸಿಕೆ ಅದೇ ಕೋಣೆಗೆ ಬರಬೇಕು.

ಮೊದಲು ಮೂರು ಪ್ರಶ್ನೆ: ಹಿಂದೆ ಯಾವುದಾದರೂ ಲಸಿಕೆಗೆ ಮೈಯೆಲ್ಲ ದದ್ದು, ಉಸಿರು ಕಟ್ಟಿದ್ದು ಉಂಟೇ? ಫ್ಲೂ ಲಸಿಕೆಯ ಆರು ವಾರದೊಳಗೆ ಕೈಕಾಲು ಬಲ ಹೋಗಿತ್ತೇ? ಇವತ್ತು ಜ್ವರವಿದೆಯೇ? ಸಣ್ಣ ನೆಗಡಿ ಇದ್ದರೆ ಅಡ್ಡಿಯಿಲ್ಲ. ಸರಿಯಾದ ಜ್ವರವಿದ್ದರೆ ಮುಂದೂಡಿ, ಇಲ್ಲವಾದರೆ ಆ ಜ್ವರದ ಹೊಣೆಯೂ ಲಸಿಕೆಯ ತಲೆಗೆ ಬರುತ್ತದೆ.

ಸಿರಿಂಜನ್ನು ಕುಲುಕಿ. ದೊಡ್ಡವರಿಗೆ 0.5 ಮಿ.ಲೀ., ಎಡಗೈ ಬಳಸುವವರಲ್ಲದಿದ್ದರೆ ಎಡ ತೋಳಿನ ಡೆಲ್ಟಾಯ್ಡ್ ಸ್ನಾಯುವಿಗೆ, ಭುಜದ ಮೂಳೆಯ ತುದಿಯಿಂದ ಎರಡು-ಮೂರು ಬೆರಳು ಕೆಳಗೆ, ನೇರವಾಗಿ. ಸೂಜಿ ಬೇರೆ ಹಾಕುವಂತಿದ್ದರೆ 23ರಿಂದ 25 ಗೇಜ್, 25 ಮಿ.ಮೀ. ಉದ್ದ. ಬಿಗಿ ತೋಳಿನ ಕುಪ್ಪಸ, ಅಂಗಿಯನ್ನು ಅರ್ಧ ಮಡಚಿ ಕೆಳಗಿಂದ ಕೈ ತೂರಿಸಿ ಹಾಕಿದಾಗ ಜಾಗ ತಪ್ಪುತ್ತದೆ. ತೀರಾ ಮೇಲೆ ಚುಚ್ಚಿದರೆ ಭುಜದ ಕೀಲಿಗೇ ಪೆಟ್ಟು, ತಿಂಗಳುಗಟ್ಟಲೆ ಕೈ ಎತ್ತಲಾಗದು. ಪರದೆ ಎಳೆದು ಭುಜ ಪೂರ್ತಿ ಬಿಡಿಸಿ. ರಕ್ತ ತೆಳುಮಾಡುವ ಮಾತ್ರೆಯವರಿಗೆ ತೆಳ್ಳಗಿನ ಸೂಜಿ, ಹಾಕಿದ ಮೇಲೆ ಉಜ್ಜದೆ ಎರಡು ನಿಮಿಷ ಒತ್ತಿ ಹಿಡಿಯುವುದು.

9 ವರ್ಷದೊಳಗಿನ ಮಗುವಿಗೆ ಮೊದಲ ವರ್ಷ ಎರಡು ಡೋಸ್, ನಾಲ್ಕು ವಾರ ಬಿಟ್ಟು. ಎರಡನೆಯದು ಮರೆತುಹೋಗುವುದೇ ಹೆಚ್ಚು. ಮೊದಲನೆಯದನ್ನು ಹಾಕುವಾಗಲೇ ದಿನಾಂಕ ಬರೆದು ಕೊಡಿ.

ಅರ್ಧ ಗಂಟೆ ಕೂರಿಸಿ. ಗಂಭೀರ ಅಲರ್ಜಿಯಾದರೆ ಕೂಡಲೇ ಕೊಡುವ ಅಡ್ರಿನಲಿನ್ ಟ್ರೇಯಲ್ಲಿ ಇದೆಯೇ, ಅವಧಿ ಮುಗಿದಿಲ್ಲವೇ ಎಂದು ಬೆಳಿಗ್ಗೆಯೇ ನೋಡಿರಬೇಕು. ಬೇಕಾದರೆ ದೊಡ್ಡವರಿಗೆ 1:1000ದ್ದು 0.5 ಮಿ.ಲೀ., ತೊಡೆಯ ಹೊರಬದಿಯ ಸ್ನಾಯುವಿಗೆ. ಆ ಅರ್ಧ ಗಂಟೆಯಲ್ಲಿ ಸಿಸ್ಟರು ಹೇಳಬೇಕಾದದ್ದು: ‘ನಾಳೆ ತೋಳು ನೋಯಬಹುದು, ಮೈ ಬೆಚ್ಚಗಾಗಬಹುದು, ಅದು ಲಸಿಕೆ ಕೆಲಸ ಮಾಡ್ತಿರೋ ಗುರುತು. ಎರಡು ದಿನಕ್ಕಿಂತ ಹೆಚ್ಚಾದ್ರೆ ಈ ನಂಬರ್‌ಗೆ ಮಾಡಿ.’ ಮೊದಲೇ ಹೇಳಿದ ನೋವು ನೋವಷ್ಟೇ. ಹೇಳದೆ ಬಂದ ನೋವು ಊರಿಗೆಲ್ಲ ಸುದ್ದಿ.

ಮುಂದೂಡಿದವರು, ಬೇಡ ಅಂದವರು

‘ಮುಂದಿನ ವಾರ ಬರ್ತೀನಿ’ ಅಂದವರನ್ನು ಹಾಗೇ ಕಳಿಸಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ ಎಂದು ಕೇಳಿ, ಅವರ ಕೈಯಿಂದಲೇ ಚೀಟಿಯಲ್ಲಿ ಬರೆಸಿ. ಅಮೆರಿಕದ ಕಂಪನಿಯೊಂದರ ನೌಕರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನ ಮತ್ತು ಗಂಟೆ ಬರೆದುಕೊಳ್ಳಿ ಎಂದು ಸೂಚಿಸಿದ್ದಷ್ಟರಿಂದಲೇ ಲಸಿಕೆ ಹಾಕಿಸಿಕೊಂಡವರ ಪ್ರಮಾಣ ಶೇ 33ರಿಂದ 37ಕ್ಕೆ ಏರಿತು. ಖರ್ಚು ಸೊನ್ನೆ.

ವಾಟ್ಸಾಪ್ ಸಂದೇಶ ಕಳಿಸುವುದಾದರೆ ಚಿಕ್ಕದಿರಲಿ, ‘ನಿಮಗಾಗಿ ಇಟ್ಟಿದೆ’ ಎಂಬ ಧಾಟಿಯಲ್ಲಿರಲಿ. ಅಮೆರಿಕದ ವಾಲ್‌ಮಾರ್ಟ್ ಫಾರ್ಮಸಿಗಳಲ್ಲಿ ಸುಮಾರು 6.9 ಲಕ್ಷ ಜನರಿಗೆ 22 ಬಗೆಯ ಸಂದೇಶ ಕಳಿಸಿ ನೋಡಿದಾಗ ಮುಂದೆ ನಿಂತದ್ದು ‘ನಿಮ್ಮ ಲಸಿಕೆ ನಿಮಗಾಗಿ ಕಾದಿದೆ’ ಎಂಬ ಸಾಲೇ. ನಮ್ಮಲ್ಲಿ ಹೀಗೆ ಬರೆಯಬಹುದು:

‘ನಮಸ್ಕಾರ. ನಿಮ್ಮ ತಂದೆಯವರ ಈ ವರ್ಷದ ಫ್ಲೂ ಲಸಿಕೆಯನ್ನು ಕ್ಲಿನಿಕ್‌ನಲ್ಲಿ ಎತ್ತಿಟ್ಟಿದ್ದೇವೆ. ಗುರುವಾರ ಬೆಳಿಗ್ಗೆ 10ರಿಂದ 1ರೊಳಗೆ ಕರೆತನ್ನಿ. ಸಾಲಿನಲ್ಲಿ ಕಾಯಬೇಕಿಲ್ಲ.’

ಕೊನೆಯ ವಾಕ್ಯ ಸುಳ್ಳಾಗಬಾರದು. ಒಂದು ಡೋಸ್‌ಗೆ ಎರಡು ಗಂಟೆ ಕಾಯಿಸಿದರೆ ಮುಂದಿನ ವರ್ಷ ಅವರು ಬರುವುದಿಲ್ಲ.

ಸ್ಪಷ್ಟವಾಗಿ ಬೇಡ ಅಂದವರ ಜೊತೆ ಮುಖ ಗಂಟಿಕ್ಕಬೇಡಿ. ಫೈಲಿನಲ್ಲಿ ದಿನಾಂಕ, ಅವರು ಹೇಳಿದ ಕಾರಣ ಎರಡನ್ನೂ ಅವರ ಮಾತಿನಲ್ಲೇ ಬರೆದಿಡಿ. ಮುಂದಿನ ಸಲ ಅಲ್ಲಿಂದಲೇ ಶುರುಮಾಡಬಹುದು: ‘ಹೋದ ಸಲ ಬಿತ್ತನೆ ಇದೆ ಅಂದಿದ್ರಿ, ಮುಗೀತಾ?’

ಲೆಕ್ಕ

ಎಷ್ಟು ಡೋಸ್ ಖರ್ಚಾಯಿತು ಎಂಬುದು ಅಂಗಡಿಯ ಲೆಕ್ಕ. ನಿಮಗೆ ಬೇಕಾದದ್ದು ಹಳದಿ ಸ್ಟಿಕ್ಕರ್ ಇದ್ದ ನೂರು ಫೈಲಿನಲ್ಲಿ ಎಷ್ಟಕ್ಕೆ ಆಯಿತು ಎಂಬುದು. ಆದವರ ಸ್ಟಿಕ್ಕರ್ ಮೇಲೆ ಟಿಕ್ ಹಾಕಿ, ಜೂನ್ ಕೊನೆಗೆ ಉಳಿದವನ್ನು ಮೂರು ಗುಡ್ಡೆ ಮಾಡಿ: ಹೇಳಿಯೇ ಇಲ್ಲ, ಹೇಳಿದರೂ ಲಸಿಕೆ ಇರಲಿಲ್ಲ, ಬೇಡ ಅಂದರು. ಮೊದಲ ವರ್ಷ ಮೊದಲೆರಡು ಗುಡ್ಡೆ ಎತ್ತರವಾಗಿದ್ದರೆ ಅಚ್ಚರಿಪಡಬೇಡಿ, ಅವು ರೋಗಿಯ ತಪ್ಪಲ್ಲ. ಹಾಕಿಸಿಕೊಂಡವರ ಹೆಸರು, ಫೋನ್, ಬ್ಯಾಚ್ ನಂಬರ್ ಇರುವ ಪುಸ್ತಕವನ್ನು ಮಾರ್ಚ್‌ನಲ್ಲಿ ಮತ್ತೆ ತೆಗೆಯಿರಿ. ಡಿಸ್ಟ್ರಿಬ್ಯೂಟರ್‌ಗೆ ಎಷ್ಟು ಡೋಸ್ ಹೇಳಬೇಕೆಂದು ಅದರಲ್ಲೇ ಇರುತ್ತದೆ.